ಉಪ್ಪಿನ ಸೆರೆಯಿಂದ ಬಂದ ಅತ್ತೆ ಸೊಸೆ

ಯಾವ ಕಾಲವೋ, ಯಾವ ಸೀಮೆಯೋ, ನನಗೆ ಹೇಳಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಊರು ಇತ್ತಂತೆ. ಕುರಿ ಮೇಯಿಸುವವರು, ಕಂಬಳಿ ನೇಯುವವರು, ಮಡಕೆ ಮಾಡುವವರು, ಎಲ್ಲ ಸೇರಿ ಅರವತ್ತು ಮನೆಯ ಊರು. ಆ ಊರಲ್ಲಿ ಒಬ್ಬಳು ಅತ್ತೆ, ಒಬ್ಬಳು ಸೊಸೆ. ಅತ್ತೆಯ ಹೆಸರು ಕೆಂಚವ್ವ, ಸೊಸೆಯ ಹೆಸರು ಬಾಳವ್ವ. ಇಬ್ಬರ ನಡುವೆ ಒಬ್ಬನೇ ಗಂಡಸು, ಮಾಳಿಂಗ. ಅತ್ತೆಗೆ ಮಗ, ಸೊಸೆಗೆ ಗಂಡ.

ಆ ಅತ್ತೆ ಸೊಸೆಯ ಜಗಳ ಎಂಥದ್ದು ಅಂತೀರಿ? ಕಸಬರಿಗೆಯನ್ನು ಬಾಗಿಲ ಹಿಂದೆ ಇಡಬೇಕೋ ಮೂಲೆಗೆ ಇಡಬೇಕೋ ಅನ್ನುವುದಕ್ಕೆ ಒಂದು ಬೆಳಗು ಹೋಗುತ್ತಿತ್ತಂತೆ. ರೊಟ್ಟಿ ದಪ್ಪವಾಯಿತೋ ತೆಳ್ಳಗಾಯಿತೋ ಅನ್ನುವುದಕ್ಕೆ ಒಂದು ಸಂಜೆ ಹೋಗುತ್ತಿತ್ತಂತೆ. ಅತ್ತೆ ಒಂದು ಅಂದರೆ ಸೊಸೆ ಎರಡು, ಸೊಸೆ ಎರಡು ಅಂದರೆ ಅತ್ತೆ ನಾಲ್ಕು. ಮಾಳಿಂಗ ಮಾತ್ರ ಯಾರ ಪರವೂ ವಹಿಸದೆ, ಕೋಲು ಹೆಗಲಿಗಿಟ್ಟು ಕುರಿಗಳ ಹಿಂದೆ ಹೊರಟುಬಿಡುತ್ತಿದ್ದ.

ಹಿಂಗಿರುವಾಗ, ಪಡುವಣ ಸಮುದ್ರದ ದಂಡೆಯಲ್ಲಿ ಒಬ್ಬ ರಾಜ ಇದ್ದನಂತೆ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಕಣ್ಣು ಹಾಯುವಷ್ಟು ದೂರ ಉಪ್ಪಿನ ಬಯಲು ಇತ್ತು. ಉಪ್ಪು ತೆಗೆಯುವ ಜನ ಮಾತ್ರ ಇರಲಿಲ್ಲ. ಆ ಬಿಸಿಲು, ಆ ಉಪ್ಪುನೀರು, ಬಂದವರು ಯಾರೂ ಒಂದು ಸುಗ್ಗಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ರಾಜ ಯೋಚನೆ ಮಾಡಿದ. ಸೇನೆ ಕಳಿಸಿದ. ಸೇನೆ ಬಂದು ಅರವತ್ತು ಮನೆಗೂ ಬೆಂಕಿ ಇಟ್ಟು, ಕೈಕಾಲು ಗಟ್ಟಿ ಇದ್ದವರನ್ನೆಲ್ಲ ಹಗ್ಗಕ್ಕೆ ಕಟ್ಟಿ, ಹನ್ನೆರಡು ದಿನ ಸುತ್ತು ದಾರಿಯಲ್ಲಿ ನಡೆಸಿಕೊಂಡು ಹೋಯಿತಂತೆ. ಎಣಿಸಿ ನೋಡಿದರೆ ನೂರಾ ಇಪ್ಪತ್ತು ಜನ. ಅದರಲ್ಲಿ ಕೆಂಚವ್ವ ಒಬ್ಬಳು, ಬಾಳವ್ವ ಒಬ್ಬಳು, ಮಾಳಿಂಗ ಒಬ್ಬ.

ಉಪ್ಪಿನ ಸೆರೆ ಹೆಂಗಿತ್ತು ಅಂದರೆ, ಒಂದು ಕಡೆ ಸಮುದ್ರ, ಮೂರು ಕಡೆ ಕೆಸರಿನ ಹಿನ್ನೀರು. ಹೊರಗೆ ಹೋಗಲು ಒಂದೇ ಒಂದು ಏರಿಯ ದಾರಿ, ಅಲ್ಲಿ ಕತ್ತಿ ಹಿಡಿದ ಹತ್ತು ಜನ. ಮಲಗುವ ಗುಡಿಸಲುಗಳ ಸುತ್ತ ಮುಳ್ಳಿನ ಬೇಲಿ. ಬೇಲಿಯ ಬಾಗಿಲಲ್ಲಿ ಒಬ್ಬ ಕಾವಲುಗಾರ, ಅವನ ಮುಂದೆ ಒಂದು ಗಡಿಗೆ. ಬೆಳಿಗ್ಗೆ ಬಯಲಿಗೆ ಹೋಗುವಾಗ ಒಬ್ಬೊಬ್ಬರೂ ಒಂದೊಂದು ಕಲ್ಲು ಗಡಿಗೆಗೆ ಹಾಕಬೇಕು, ಹಾಕಿದ ಕಲ್ಲು ತಲೆಯ ಲೆಕ್ಕಕ್ಕೆ ಸರಿಯಾಗಬೇಕು. ಸಂಜೆ ವಾಪಸು ಬರುವಾಗ ಒಂದೊಂದು ಕಲ್ಲು ತೆಗೆದುಕೊಳ್ಳಬೇಕು. ಗಡಿಗೆ ಖಾಲಿಯಾದರೆ ಎಲ್ಲರೂ ಬಂದರು ಅಂತ ಲೆಕ್ಕ. ಒಂದು ಕಲ್ಲು ಉಳಿದರೆ ಒಬ್ಬ ತಪ್ಪಿಸಿಕೊಂಡ ಅಂತ ಲೆಕ್ಕ. ಒಬ್ಬ ತಪ್ಪಿಸಿಕೊಂಡರೆ ಉಳಿದವರಲ್ಲಿ ಹತ್ತು ಜನಕ್ಕೆ ಬೆನ್ನು ಸುಲಿಯುವ ಹಾಗೆ ಹೊಡೆತ. ಅದಕ್ಕೇ ಯಾರೂ ಓಡಿಹೋಗುತ್ತಿರಲಿಲ್ಲ. ಬೇಲಿಗೆ ಹೆದರಿ ಅಲ್ಲ, ಆ ಹತ್ತು ಬೆನ್ನುಗಳನ್ನು ನೆನೆದು.

ಊಟ ಅಂದರೆ ದಿನಕ್ಕೆ ಒಂದು ಕುಡಿಕೆ ಗಂಜಿ. ಉಪ್ಪುನೀರಲ್ಲಿ ನಿಂತು ನಿಂತು ಎಲ್ಲರ ಪಾದವೂ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿ ಬಿರಿದು, ಬಿರುಕಿನಲ್ಲಿ ಹುಣ್ಣಾಯಿತು. ಮೂರನೆಯ ತಿಂಗಳಿಗೆ ಮಾಳಿಂಗ ಸೊರಗಿದ. ನಾಲ್ಕನೆಯ ತಿಂಗಳಿಗೆ, ಉಪ್ಪಿನ ಪಾತಿಯಲ್ಲಿ ಹಲಗೆ ಎಳೆಯುತ್ತಿದ್ದವನು ಮೊಣಕಾಲೂರಿದ, ಮತ್ತೆ ಏಳಲಿಲ್ಲ.

"ಕಟ್ಟಿಕೊಂಡ ಗಂಡನ್ನ ಕಣ್ಣಿಟ್ಟು ನೋಡಲಿಲ್ಲ ನೀನು," ಅಂದಳು ಅತ್ತೆ.

"ಹೆತ್ತ ಮಗನ್ನ ನೋಡಿಕೊಳ್ಳಲಿಲ್ಲ ನೀನು," ಅಂದಳು ಸೊಸೆ.

ಅದೇ ಕಡೆಯ ಮಾತು. ಆಮೇಲೆ ಮೂರು ತಿಂಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಆ ಗುಡಿಸಲು, ಸೊಸೆ ಈ ಗುಡಿಸಲು. ಜಗಳ ಕೂಡ ಇಲ್ಲ. ಮಂದಿಗೆ ಅದೇ ಹೆಚ್ಚು ಭಯವಾಯಿತಂತೆ.

ಆ ಸೆರೆಯಲ್ಲಿ ಕುಂಬಾರ ತಿಪ್ಪಜ್ಜ ಅಂತ ಒಬ್ಬ ಮುದುಕ ಇದ್ದ. ಮೈ ಸಣ್ಣದು, ಅಂಗೈ ದೊಡ್ಡದು. ನಲವತ್ತು ವರ್ಷ ಮಣ್ಣು ತುಳಿದವನು, ಕೆಸರು ನೋಡಿದರೆ ಅದರ ಹೊಟ್ಟೆಯಲ್ಲೇನಿದೆ ಅಂತ ಹೇಳುತ್ತಿದ್ದನಂತೆ. ಒಂದು ಮಧ್ಯಾಹ್ನ ಅವನು ಅತ್ತೆಯನ್ನು ಈ ಕಡೆ ಕೂರಿಸಿದ, ಸೊಸೆಯನ್ನು ಆ ಕಡೆ ಕೂರಿಸಿದ, ತಾನು ನಡುವೆ ಕೂತ.

"ನೋಡ್ರವ್ವಾ," ಅಂದ. "ಬಾಗಿಲಿನವನು ನಮ್ಮ ಮುಖ ನೋಡೂದಿಲ್ಲ. ಉಪ್ಪಿನ ಝಳಕ್ಕ ಅವನ ಕಣ್ಣು ಮಂಜಾಗ್ಯಾವ. ಗಡಿಗಿ ಒಂದೇ ನೋಡತಾನ. ನನ್ನ ಅಂಗೈಯಾಗ ಮೂರು ಕಲ್ಲು ಅಡಗತಾವ. ನಂದೊಂದು, ಮತ್ತ ಎರಡು. ಇಬ್ಬರು ಹೋದರ ನಾ ಮುಚ್ಚಬಲ್ಲೆ. ಆದರ ಏಳೇ ದಿನ. ಎಂಟನೇ ದಿನ ಅಮಾಸಿ. ಅಮಾಸಿಗೆ ಅಧಿಕಾರಿ ಬಂದು ಹೆಸರು ಹಿಡದು ಮುಖಾ ನೋಡತಾನ."

"ಎಂಟನೇ ದಿನ ಹತ್ತು ಮಂದಿಗೆ ಹೊಡೀತಾರಲ್ಲ?" ಅಂದಳು ಬಾಳವ್ವ.

"ನಿಮ್ಮ ಸೀರಿ ಸೆರಗು ಹರದು ಕೆಸರಿನ ಗಿಡಕ್ಕ ಸಿಗಿಸಿ ಹೋಗ್ರಿ. ಏಡಿ ಹಿಡಿಯಾಕ ಇಳದರು, ಭರತದ ನೀರು ಬಂದು ಎಳಕೊಂಡು ಹೋತು ಅಂತೀನಿ. ಹೋದ ದಿನಾನ ಹಂಗಂದರ ಹೆಜ್ಜಿ ಹುಡುಕತಾರ, ನಾಯಿ ಬಿಡತಾರ. ಏಳು ದಿನದ ನೀರು ಏರಿ ಇಳದ ಮ್ಯಾಲೆ ಹೆಜ್ಜಿ ಎಲ್ಲಿ, ವಾಸನಿ ಎಲ್ಲಿ?"

"ನಾವೇ ಯಾಕ?" ಅಂದಳು ಕೆಂಚವ್ವ. ಸೊಸೆಯ ಕಡೆ ತಿರುಗದೇ ಕೇಳಿದಳು.

ತಿಪ್ಪಜ್ಜ ಹೇಳಿದ. ಪೂರ್ವಕ್ಕೆ ಕೆಂಪುಹೊಳೆ ಅಂತ ಒಂದು ಹೊಳೆ. ಹೊಳೆಯ ಆಚೆ ಏಳೂರ ಸೀಮೆ, ಅಲ್ಲಿ ರಾಜನಿಲ್ಲ, ಕಟ್ಟೆಯ ಮೇಲೆ ಕೂತು ಜನರೇ ನ್ಯಾಯ ಹೇಳಿಕೊಳ್ಳುತ್ತಾರೆ. ಈ ರಾಜನ ಉಪ್ಪಿನಲ್ಲಿ ಮುಕ್ಕಾಲು ಪಾಲು ಹೋಗುವುದು ಅಲ್ಲಿಗೆ. ಅದೇ ಕೆಂಚವ್ವನ ತವರು. ಚಿಕ್ಕವಳಿದ್ದಾಗ ಅಪ್ಪನ ಹೇರೆತ್ತಿನ ಮೇಲೆ ಕೂತು ಉಪ್ಪು ತರಲು ಇದೇ ಸಮುದ್ರಕ್ಕೆ ಬಂದವಳು ಅವಳು. ನೆಟ್ಟನೆಯ ದಾರಿ ಅವಳಿಗೆ ಗೊತ್ತು, ಏಳು ದಿನದ ದಾರಿ. ಆದರೆ ಅವಳ ಕಾಲಿಗೆ ಅರವತ್ತು ವರ್ಷ. ಬಾಳವ್ವನಿಗೆ ಕಾಲು ಗಟ್ಟಿ, ದಾರಿ ಗೊತ್ತಿಲ್ಲ.

"ಅಲ್ಲಿ ಹೋಗಿ ನಾವು ಹೆಂಗ ಅದೀವಿ ಅಂತ ಹೇಳ್ರಿ. ಕೇಳಿದ ಮ್ಯಾಲೂ ಆ ಮಂದಿ ಸುಮ್ಮನ ಕುಂತರ, ಕುಂದರಲಿ," ಅಂದ ತಿಪ್ಪಜ್ಜ.

ಬಾಳವ್ವನಿಗೆ ಅತ್ತೆಯ ಜೊತೆ ಏಳು ದಿನವೇ ಅನ್ನಿಸಿತು. ಇಲ್ಲಿ ಏಳು ವರ್ಷವೇ ಅಂತಲೂ ಅನ್ನಿಸಿತು. ಎದ್ದು ನಿಂತಳು. ಕೆಂಚವ್ವನೂ ಎದ್ದು ನಿಂತಳು.

ಮಾರನೆಯ ದಿನ ಮಟಮಟ ಮಧ್ಯಾಹ್ನ. ನೀರು ಇಳಿದಿತ್ತು. ಕಾವಲಿನವರು ನೆರಳಿಗೆ ಹೋಗಿ ತಲೆಗೆ ಬಟ್ಟೆ ಹಾಕಿಕೊಂಡಿದ್ದರು. ತಿಪ್ಪಜ್ಜ ಬಾಳವ್ವನಿಗೆ ಕೆಸರು ತೋರಿಸಿದ. "ನೀಲಿ ಬಣ್ಣಕ್ಕ ತಿರುಗಿದ್ದು, ಮೇಲೆ ಸಣ್ಣ ಬಿರುಕು ಬಿಟ್ಟದ್ದು, ಅದರ ಬುಡ ಗಟ್ಟಿ. ಎಣ್ಣಿ ಹಚ್ಚಿದಂಗ ಮಿಂಚತದಲ್ಲ, ಅದಕ್ಕ ಬುಡಾನ ಇಲ್ಲ. ನಡೀಬ್ಯಾಡ್ರಿ, ಹಲಗಿ ಮ್ಯಾಲೆ ಬೋರಲ ಬಿದ್ದು ತೆವಳ್ರಿ."

ಉಪ್ಪು ಎಳೆಯುವ ಹಲಗೆ ಎರಡು. ಒಂದರ ಮೇಲೆ ಸೊಸೆ, ಒಂದರ ಮೇಲೆ ಅತ್ತೆ. ನೀಲಿ ಕೆಸರು ಹುಡುಕುತ್ತಾ, ಮಿಂಚುವ ಕೆಸರು ತಪ್ಪಿಸುತ್ತಾ, ಆಮೆಯ ಹಾಗೆ ಹೋದರಂತೆ. ನಡುವೆ ಒಂದು ಗಿಡಕ್ಕೆ ಸೆರಗು ಹರಿದು ಸಿಗಿಸಿದರು. ಮುಕ್ಕಾಲು ದಾರಿ ಸಾಗಿತ್ತು, ಸಮುದ್ರ ಏರಲು ಶುರುವಾಯಿತು. ಮೊದಲು ಬೆರಳಷ್ಟು, ಆಮೇಲೆ ಮೊಳದಷ್ಟು, ಆಮೇಲೆ ಆಳುದ್ದ. ಕೆಂಚವ್ವನ ಹಲಗೆ ಮಗುಚಿತು. ಬಯಲುಸೀಮೆಯ ಹೆಂಗಸು, ಈಜು ಕಂಡವಳಲ್ಲ. ಒಂದು ಸಲ ಮುಳುಗಿದಳು, ಎರಡು ಸಲ ಮುಳುಗಿದಳು. ಮೂರನೆಯ ಸಲ ತಲೆ ಮೇಲೆ ಬಂದಾಗ ಬಾಳವ್ವ ಅವಳ ಬಿಳೀ ಜುಟ್ಟಿಗೆ ಕೈ ಹಾಕಿ, ಒಂದು ಕೈಯಲ್ಲಿ ಹಲಗೆ, ಒಂದು ಕೈಯಲ್ಲಿ ಅತ್ತೆ, ಕಾಲು ಬಡಿಯುತ್ತಾ ಬಡಿಯುತ್ತಾ ದಂಡೆಗೆ ಬಿದ್ದಳು.

ಕೇದಗೆಯ ಪೊದೆಯಲ್ಲಿ ಕೆಂಚವ್ವ ಉಪ್ಪುನೀರು ಕಾರಿದಳು, ಕೆಮ್ಮಿದಳು, ಕಣ್ಣು ಬಿಟ್ಟಳು. ಮೂರು ತಿಂಗಳಾದ ಮೇಲೆ ಸೊಸೆಯ ಜೊತೆ ಆಡಿದ ಮೊದಲ ಮಾತು ಇದು:

"ಲಗ್ನ ಆದ ದಿನದಿಂದ ನನ್ನ ಜುಟ್ಟು ಹಿಡೀಬೇಕಂತ ಕಾದಿದ್ದಿ. ಇವತ್ತು ಹಿಡದಿ ನೋಡು."

"ಇನ್ನೊಂದು ಸಲ ಮುಳುಗು, ಇನ್ನೊಂದು ಸಲ ಹಿಡೀತೀನಿ," ಅಂದಳು ಬಾಳವ್ವ.

ಒಂದು ದಿನ ಆಯಿತು. ಎದ್ದರು, ನಡೆದರು. ಬೆಳಿಗ್ಗೆ ಬಿಸಿಲು ಮುಖಕ್ಕೆ, ಸಂಜೆ ಬಿಸಿಲು ಬೆನ್ನಿಗೆ. ಕೆಂಚವ್ವ ಹೇಳಿಕೊಟ್ಟ ದಾರಿ ಅದೊಂದೇ.

ಎರಡನೆಯ ದಿನ ಗದ್ದೆಗಳ ಸೀಮೆ. ಅದೂ ಅದೇ ರಾಜನ ನೆಲ. ಅಲ್ಲಿ ಒಂದು ಕಟ್ಟಳೆ ಇತ್ತಂತೆ: ಪರಊರಿನವರು ಕಂಡರೆ ಪಾದ ನೋಡಬೇಕು. ಪಾದ ಬೆಳ್ಳಗೆ ಬಿರಿದಿದ್ದರೆ ಉಪ್ಪಿನ ಸೆರೆಯವರು, ಹಿಡಿದುಕೊಟ್ಟವರಿಗೆ ಒಂದು ಜೋಡಿ ಎತ್ತು. ಇಬ್ಬರೂ ಸೆರಗಿನ ತುಂಡು ಪಾದಕ್ಕೆ ಸುತ್ತಿಕೊಂಡು ಬದುವಿನ ಮೇಲೆ ಬರುತ್ತಿದ್ದರು. ದೂರದಲ್ಲಿ ಕುದುರೆಯ ಧೂಳು ಕಂಡಿತು. ಸುಗ್ಗಿ ಬೆಳೆಯ ನಾಟಿಯ ಕಾಲ. ಗದ್ದೆಯಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು.

ಬಾಳವ್ವ ಹಿಂದೆ ಮುಂದೆ ನೋಡಲಿಲ್ಲ. ಅತ್ತೆಯ ಕೈ ಹಿಡಿದು ಗದ್ದೆಗೆ ಇಳಿದಳು. ಮೊಣಕಾಲಿನವರೆಗೆ ಕೆಸರು. ಸಾಲಿನ ತುದಿಯಲ್ಲಿದ್ದ ಹಿರಿಯ ಹೆಂಗಸು ತಲೆ ಎತ್ತಿ ನೋಡಿದಳು. ಕೆಸರಿಗೆ ಇಳಿಯುವ ಮೊದಲಿನ ಪಾದ ಅವಳು ನೋಡಿಬಿಟ್ಟಿದ್ದಳು, ಸುತ್ತಿದ ಬಟ್ಟೆಯ ಸಂದಿಯಿಂದ. ಆ ಹೆಂಗಸು ಒಂದು ಕಟ್ಟು ಸಸಿ ಎತ್ತಿ ಬಾಳವ್ವನ ಕೈಗೆ ಕೊಟ್ಟಳು. ಇನ್ನೊಂದು ಕಟ್ಟು ಕೆಂಚವ್ವನ ಕೈಗೆ. ಪಕ್ಕದವರಿಗೆ ಮೊಣಕೈಯಿಂದ ತಿವಿದಳು. ಸಾಲು ಸರಿದು ನಡುವೆ ಎರಡು ಜಾಗ ಬಿಟ್ಟಿತು.

ಕುದುರೆಯವನು ಬಂದು ಬದುವಿನ ಮೇಲೆ ನಿಂತ. "ಪರಊರಿನವರು ಯಾರಾದರೂ ಬಂದರೇನು?"

"ಎಲ್ಲರ ಕಾಲೂ ಇಲ್ಲೇ ಉಂಟು," ಅಂದಳು ಹಿರಿಯ ಹೆಂಗಸು. "ಇಳಿದು ಬಾ ಅಪ್ಪ, ತೊಳೆದು ತೊಳೆದು ನೋಡು. ಹಾಗೇ ನಾಲ್ಕು ಸಸಿ ನೆಟ್ಟು ಹೋಗು."

ಹೆಂಗಸರೆಲ್ಲ ನಕ್ಕರು. ಕುದುರೆಯವನು ತನ್ನ ಜರಿಯ ಜೋಡು ನೋಡಿಕೊಂಡ, ಕೆಸರು ನೋಡಿದ, ಕುದುರೆ ತಿರುಗಿಸಿದ. ಹೊತ್ತು ಇಳಿಯುವವರೆಗೆ ಅತ್ತೆ ಸೊಸೆ ನಾಟಿ ಮಾಡಿದರಂತೆ. ಹೊರಟಾಗ ಆ ಹೆಂಗಸು ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ ಕಟ್ಟಿಕೊಟ್ಟಳು. ಹೆಸರು ಕೇಳಲಿಲ್ಲ, ಹೇಳಲೂ ಇಲ್ಲ. ಒಂದು ಜೋಡಿ ಎತ್ತು ಅವಳ ಮನೆಗೆ ಬರಬಹುದಿತ್ತು, ನೋಡ್ರಿ.

"ಸಸಿ ಎಷ್ಟು ಒತ್ತೊತ್ತಾಗಿ ನೆಟ್ಟಿದ್ದಿ, ಬೆಳೀ ಹೆಂಗ ಬರಬೇಕು?" ಅಂದಳು ಕೆಂಚವ್ವ ದಾರಿಯಲ್ಲಿ.

"ನೀ ನೆಟ್ಟದ್ದು ಆಗಲೇ ತೇಲಾಕತ್ತಿತ್ತು," ಅಂದಳು ಬಾಳವ್ವ.

ಮೂರನೆಯ ದಿನ, ನಾಲ್ಕನೆಯ ದಿನ, ಘಟ್ಟದ ಏರು. ಕಟ್ಟಿಕೊಂಡ ಅನ್ನ ಮುಗಿಯಿತು. ಗೆಡ್ಡೆ ಕಿತ್ತು ತಿಂದರು. ಕೆಂಚವ್ವನ ಮೊಣಕಾಲು ಊದಿ ಕುಂಬಳಕಾಯಿಯಾಯಿತು. ಬಾಳವ್ವ ಬಳ್ಳಿ ಹೆಣೆದು ಜೋಳಿಗೆ ಮಾಡಿ, ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡಳು. ಹತ್ತು ಹೆಜ್ಜೆ ಏರುವುದು, ನಿಲ್ಲುವುದು. ಹತ್ತು ಹೆಜ್ಜೆ ಏರುವುದು, ನಿಲ್ಲುವುದು.

ಒಂದು ತಿರುವಿನಲ್ಲಿ ಹೆಣ್ಣು ಕರಡಿ ಅಡ್ಡ ನಿಂತಿತ್ತಂತೆ, ಜೊತೆಗೆ ಎರಡು ಮರಿ. ಆ ಕಾಲದಲ್ಲಿ ಕರಡಿಗಳು ಮಾತಾಡುತ್ತಿದ್ದವು.

"ಎರಡು ತಲೆಯ ಪ್ರಾಣಿಯನ್ನು ನಾನು ಕಂಡಿಲ್ಲ. ನೀನು ಯಾವ ಜಾತಿ?" ಅಂತು ಕರಡಿ.

"ನಿನ್ನ ಜಾತೀನ," ಅಂದಳು ಬೆನ್ನ ಮೇಲಿನ ಕೆಂಚವ್ವ. "ಹೊತಗೊಂಡು ತಿರುಗೋ ಜಾತಿ."

ಕರಡಿ ತನ್ನ ಮರಿ ನೋಡಿತು, ಇವರನ್ನು ನೋಡಿತು. "ನನ್ನ ಮರಿ ಚಿಕ್ಕವು. ನಿನ್ನ ಮರಿ ಬಹಳ ಮುದಿಯಾಗಿದೆ," ಅಂತು. ದಾರಿ ಬಿಟ್ಟು ಸರಿಯಿತು. ಹೋಗುವಾಗ ಜೇನಿದ್ದ ಮರದ ಕಡೆ ಮೂತಿ ಎತ್ತಿ ತೋರಿಸಿ ಹೋಯಿತಂತೆ. ಜೇನು ನೆಕ್ಕಿ ಇಬ್ಬರೂ ಘಟ್ಟ ದಾಟಿದರು.

ಐದನೆಯ ದಿನ ಘಟ್ಟದ ಆಚೆಯ ಕುರುಚಲು ಬಯಲು. ಇಲ್ಲಿ ಒಂದು ಕೆರೆ ಇರಬೇಕು ಅಂದಳು ಕೆಂಚವ್ವ. ಹೋಗಿ ನೋಡಿದರೆ ಕೆರೆ ಇರಲಿಲ್ಲ, ಒಣಗಿದ ಕುಳಿ ಇತ್ತು. "ಐವತ್ತು ವರ್ಷದ ಹಿಂದ ಇಲ್ಲೇ ಎತ್ತಿಗೆ ನೀರು ಕುಡಿಸಿದ್ವಿ," ಅಂದಳು. ಬಾಳವ್ವ ಬೈಯಲಿಲ್ಲ. ಬೈಯಲು ನಾಲಿಗೆ ಅಂಟಿಕೊಂಡಿತ್ತು. ನೆತ್ತಿಯ ಮೇಲೆ ಸೂರ್ಯ, ಕಾಲ ಕೆಳಗೆ ಕಲ್ಲು, ಬೆನ್ನ ಮೇಲೆ ಅತ್ತೆ.

ಆಗ ಕಂಡಿತು, ಮೆಟ್ಟಿಲಿನ ಬಾವಿ. ಹಳೆಯ ಕಾಲದ ಬಾವಿ, ಏಳು ಮೆಟ್ಟಿಲ ಕೆಳಗೆ ನೀರು ಫಳಫಳ ಹೊಳೆಯುತ್ತಿತ್ತು. ಮೇಲಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಾಳವ್ವ ಅವಳ ಪಾದ ನೋಡಿದಳು. ಹಿಮ್ಮಡಿ ಮುಂದೆ, ಬೆರಳು ಹಿಂದೆ. ದೆವ್ವ.

"ನೀರು ಬೇಕೇನು?" ಅಂತು ದೆವ್ವ. "ಇಬ್ಬರು ಬಂದರೆ ಒಬ್ಬರಿಗೆ ನೀರು, ಒಬ್ಬರು ನನಗೆ. ಇದು ಈ ಬಾವಿಯ ಕಟ್ಟಳೆ. ಯಾರು ಕುಡಿಯುತ್ತೀರಿ, ಯಾರು ಉಳಿಯುತ್ತೀರಿ, ನೀವೇ ಹೇಳಿ."

ಕೆಂಚವ್ವ ಬೆನ್ನಿಂದ ಇಳಿದಳು. "ನನ್ನ ಇಟಗೋ. ಇಕಿಗೆ ನೀರು ಕೊಡು."

"ನೀ ಸುಮ್ಮನಿರು ಅತ್ತೀ," ಅಂದಳು ಬಾಳವ್ವ. "ದಾರಿ ಗೊತ್ತಿದ್ದಾಕಿ ನೀನು. ನೀ ಇಲ್ಲೇ ಉಳದರ ನಾ ಏಳೂರಿಗೆ ಹೆಂಗ ಹೋಗಲಿ? ನನ್ನ ಇಟಗೋ ತಾಯಿ."

"ಬೆಳಿಗ್ಗೆ ಬಿಸಿಲು ಮುಖಕ್ಕ, ಸಂಜಿ ಬಿಸಿಲು ಬೆನ್ನಿಗೆ. ಅಷ್ಟು ತಿಳಿಯೂದಿಲ್ಲೇನು ನಿನಗ?"

"ನಿನಗ ತಿಳೀತದಲ್ಲ, ನೀನೇ ಹೋಗು."

"ಈ ಮೊಣಕಾಲು ಇಟಗೊಂಡು ಹೆಂಗ ಹೋಗಲಿ, ಉರುಳಿಕೊಂಡು ಹೋಗಲೇನು? ಹೇಳಿದ್ದು ಒಂದು ದಿನಾನೂ ಕೇಳಿದಾಕಿ ಅಲ್ಲ ನೀನು!"

"ನೀ ಒಂದು ದಿನಾನೂ ಕೇಳೂವಂಥಾದ್ದು ಹೇಳಿದಾಕಿ ಅಲ್ಲ!"

ದೆವ್ವ ಒಮ್ಮೆ ಈ ಕಡೆ ನೋಡಿತು, ಒಮ್ಮೆ ಆ ಕಡೆ ನೋಡಿತು. ಬಾಚಣಿಗೆ ಕೈಯಲ್ಲೇ ನಿಂತಿತು. ನೂರು ವರ್ಷದಿಂದ ಆ ಮೆಟ್ಟಿಲ ಮೇಲೆ ಕೂತಿತ್ತು ಅದು. ಅಣ್ಣ ತಮ್ಮನನ್ನು ನೂಕಿದ್ದು ಕಂಡಿತ್ತು, ಗೆಳೆಯ ಗೆಳೆಯನನ್ನು ನೂಕಿದ್ದು ಕಂಡಿತ್ತು. ನಾನು ಉಳಿಯುತ್ತೇನೆ, ನಾನು ಉಳಿಯುತ್ತೇನೆ ಅಂತ ಜಗಳ ಆಡಿದವರನ್ನು ಕಂಡಿರಲಿಲ್ಲ.

ಕಡೆಗೆ ಕೆಂಚವ್ವ ದೆವ್ವದ ಕಡೆ ತಿರುಗಿದಳು. "ಕೇಳು ತಾಯಿ. ನಾ ಬದುಕಬಾರದಾಕಿ. ನನ್ನ ಮಗ ದಿನಾ ತನ್ನ ಗಂಜ್ಯಾಗ ಅರ್ಧ ನನ್ನ ಕುಡಿಕಿಗೆ ಸುರೀತಿದ್ದ. ಬಾಳವ್ವಗ ಹೇಳಬ್ಯಾಡವ್ವಾ ಅಂದಿದ್ದ. ನಾ ಕುಡದೆ. ಉಳದ ಅರ್ಧ ಅವ ಕುಡೀತಾನ ಅಂದುಕೊಂಡೆ. ಮಗನ ಅನ್ನ ತಿಂದು ಉಳದಾಕಿ ನಾನು."

ಬಾಳವ್ವ ಕಲ್ಲಿನ ಹಾಗೆ ನಿಂತಳು.

"ಉಳದ ಅರ್ಧ ನನಗ ಸುರೀತಿದ್ದ ಅತ್ತೀ," ಅಂದಳು. "ಅವ್ವಗ ಹೇಳಬ್ಯಾಡ ಅಂದಿದ್ದ."

ಆ ಬಯಲಿನಲ್ಲಿ ಗಾಳಿ ಕೂಡ ಅಲ್ಲಾಡಲಿಲ್ಲವಂತೆ. ಅರ್ಧ ಅತ್ತೆಗೆ, ಅರ್ಧ ಸೊಸೆಗೆ. ಮಾಳಿಂಗನಿಗೆ ಏನು ಉಳಿಯಿತು? ಮನೆಯಲ್ಲಿ ಯಾರ ಪರವೂ ವಹಿಸದವನು, ಸೆರೆಯಲ್ಲೂ ವಹಿಸಲಿಲ್ಲ. ಕೆಂಚವ್ವ ಕುಸಿದು ಕೂತಳು. ಬಾಳವ್ವ ಅವಳ ಪಕ್ಕ ಕೂತಳು. ಅವನು ಸತ್ತ ದಿನ ಬೇರೆ ಬೇರೆ ಅತ್ತಿದ್ದರು. ಈಗ ಒಬ್ಬರ ಹೆಗಲ ಮೇಲೆ ಒಬ್ಬರು ತಲೆ ಇಟ್ಟು ಅತ್ತರು. ಮೈಯಲ್ಲಿ ನೀರಿಲ್ಲದವರಿಗೆ ಕಣ್ಣೀರು ಎಲ್ಲಿಂದ ಬಂತೋ.

ದೆವ್ವ ಎದ್ದಿತು. "ನಾನು ಬಾಯಾರಿ ಸತ್ತಾಗ ನನ್ನ ಜೊತೆ ಏಳು ಜನ ಇದ್ದರು," ಅಂತು. "ಎಲ್ಲರ ಬಳಿಯೂ ತಂಬಿಗೆ ಇತ್ತು. ಒಬ್ಬರೂ ಅರ್ಧ ಬೊಗಸೆ ಕೊಡಲಿಲ್ಲ. ಆ ಸಿಟ್ಟಿಗೆ ಈ ಕಟ್ಟಳೆ ಮಾಡಿದೆ. ಇವತ್ತಿಗೆ ಸಾಕು." ತಾನೇ ಏಳು ಮೆಟ್ಟಿಲು ಇಳಿದು, ಬೊಗಸೆಯಲ್ಲಿ ನೀರು ತಂದು ಮೊದಲು ಅತ್ತೆಗೆ ಕುಡಿಸಿತು, ಆಮೇಲೆ ಸೊಸೆಗೆ ಕುಡಿಸಿತು. ಉಳಿದ ನೀರನ್ನು ಕೆಂಚವ್ವನ ಮೊಣಕಾಲಿಗೆ ಹಾಕಿತು. ಊತ ಇಳಿಯಿತು. ತಲೆ ಎತ್ತಿ ನೋಡಿದರೆ ಮೆಟ್ಟಿಲ ಮೇಲೆ ಯಾರೂ ಇಲ್ಲ. ಅಂದಿನಿಂದ ಆ ಬಾವಿಯ ನೀರನ್ನು ಎಲ್ಲರೂ ಕುಡಿಯುತ್ತಾರಂತೆ.

ಆರನೆಯ ದಿನ ಎರೆಮಣ್ಣಿನ ಸೀಮೆ ಬಂತು. ಬೆಳಿಗ್ಗೆ ಬಿಸಿಲು ಮುಖಕ್ಕೆ, ಸಂಜೆ ಬಿಸಿಲು ಬೆನ್ನಿಗೆ. ಆಳೆತ್ತರದ ಬಿಳಿಜೋಳ ಹಾಲುದುಂಬಿ ನಿಂತಿತ್ತು. ಜೋಳದ ಸಾಲುಗಳ ನಡುವೆ ತಲೆ ಕಾಣದ ಹಾಗೆ ನಡೆದರು. ಎಳೆಯ ತೆನೆ ಉಜ್ಜಿ ಬಾಯಿಗೆ ಹಾಕಿಕೊಂಡರು. ಎಷ್ಟೋ ದಿನದ ಮೇಲೆ ಬಾಳವ್ವನಿಗೆ ನಾಲಿಗೆಯ ಮೇಲೆ ಸಿಹಿ ಅನ್ನಿಸಿತು. ಅತ್ತೆ ತನ್ನ ಪಾಲಿನ ಕಾಳನ್ನು ಇವಳ ಅಂಗೈಗೆ ಸುರಿಯಲು ಬಂದಳು. ಬಾಳವ್ವ ಕೈ ಹಿಡಿದು ನಿಲ್ಲಿಸಿದಳು.

"ಬ್ಯಾಡ ಅತ್ತೀ. ಇನ್ನ ಮ್ಯಾಲೆ ಯಾರೂ ಕದ್ದು ಕೊಡೂದು ಬ್ಯಾಡ. ಎದುರಿಗೆ ಕುಂತು ಸಮಾ ತಿನ್ನೂಣು."

ಏಳನೆಯ ದಿನ, ಹೊತ್ತು ಇಳಿಯುವ ಮೊದಲು, ಕೆಂಪುಹೊಳೆ ಕಂಡಿತು. ಈ ದಂಡೆ ರಾಜನದು. ಹೊಳೆಯ ನಡುವೆ ಆನೆಯಂಥ ಒಂದು ಬಂಡೆ, ಬಂಡೆಯ ಆಚೆ ಏಳೂರವರದು. ಆಚೆ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಇಬ್ಬರೂ ನೀರಿಗೆ ಕಾಲಿಟ್ಟರು. ಅಷ್ಟರಲ್ಲಿ ಹಿಂದಿನಿಂದ ಕೂಗು. ದಂಡೆಯ ಕಾವಲಿನ ಇಬ್ಬರು ಕುದುರೆಯವರು ಒದ್ದೆ ಮರಳಿನ ಮೇಲೆ ಬಿಳೀ ಪಾದ ನೋಡಿಬಿಟ್ಟಿದ್ದರು.

ಮೊಣಕಾಲು ನೀರು, ಸೊಂಟದ ನೀರು, ಎದೆಯ ನೀರು. ಕುದುರೆಗಳು ನೀರಿಗೆ ಇಳಿದವು. ಬಾಳವ್ವ ಅತ್ತೆಯ ರಟ್ಟೆ ಹಿಡಿದು ಎಳೆದಳು. ಬಂಡೆ ಇನ್ನೂ ಹತ್ತು ಮಾರು ಇತ್ತು. ಆಗ ಕೆಂಚವ್ವ ತಲೆ ಎತ್ತಿ ಆಚೆ ದಂಡೆಗೆ ಕೂಗಿದಳಂತೆ ನೋಡಿ. "ಏ ಕಣ್ಣು ಕಾಣದವರ! ತವರಿನ ಮಗಳು ಹೊಳ್ಯಾಗ ಹೊಂಟಾಳ, ಹಚ್ಚಡ ಒಗಕೋತ ಕುಂತೀರಿ! ಬರ್ರೇ ಇಲ್ಲಿ!"

ಒಗೆಯುವವರಲ್ಲಿ ಒಬ್ಬ ಹಣ್ಣುಹಣ್ಣು ಮುದುಕಿ ಕೈಯಲ್ಲಿನ ಬಟ್ಟೆ ಬಿಟ್ಟಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ ಅವಳಿಗೆ. "ಯವ್ವಾ, ಈ ಬಾಯಿ ನಮ್ಮ ಕೆಂಚೀದು! ನಲವತ್ತು ವರ್ಷ ಆತು, ಈ ಊರಾಗ ಇಂಥಾ ಬಾಯಿ ಮತ್ತ ಹುಟ್ಟಿಲ್ಲ!" ಅಂದಳು. ಅಂದದ್ದೇ ನೀರಿಗೆ ಇಳಿದಳು. ಅವಳ ಹಿಂದೆ ಹದಿನಾರು ಹೆಂಗಸರು ಇಳಿದರು. ಒಬ್ಬರ ಕೈ ಒಬ್ಬರು ಹಿಡಿದು ಬಂಡೆಯವರೆಗೆ ಸಾಲಾಗಿ ಬಂದು, ಕಡೆಯವಳು ಬಾಳವ್ವನ ಕೈ ಹಿಡಿದು ಎಳೆದುಕೊಂಡಳು. ಕುದುರೆಯವರು ಬಂಡೆಯ ಹತ್ತಿರ ಲಗಾಮು ಎಳೆದರು. ಹದಿನೇಳು ಹೆಂಗಸರು ಎದೆಮಟ್ಟ ನೀರಲ್ಲಿ ನಿಂತು ಅವರನ್ನೇ ನೋಡುತ್ತಿದ್ದರು. ಕುದುರೆಗಳು ಹಿಂದಕ್ಕೆ ತಿರುಗಿದವು.

ಆಚೆಯ ಮರಳಿನ ಮೇಲೆ ಬಿದ್ದ ಬಾಳವ್ವನಿಗೆ ಮೊದಲು ಅನ್ನಿಸಿದ್ದು ಸಂತೋಷ ಅಲ್ಲವಂತೆ. ನಾಳೆ ಅಮಾವಾಸ್ಯೆ, ತಿಪ್ಪಜ್ಜನ ಕೈಯಲ್ಲಿ ಮೂರು ಕಲ್ಲು ಅಂತ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಏಳೂರವರು ಕಟ್ಟೆಯ ಮೇಲೆ ಸೇರಿದರು. ಕೆಂಚವ್ವ ನಡೆದದ್ದೆಲ್ಲ ಹೇಳಿದಳು. ಹಿರಿಯರು ಕೇಳಿದರು, ಅಯ್ಯೋ ಅಂದರು, ಗಡ್ಡ ನೀವಿಕೊಂಡರು. ಒಬ್ಬ ಅಂದ, "ಬಹಳ ಕೆಟ್ಟದ್ದು ಖರೆ. ಆದರ ಅವನ ಸೈನ್ಯ ದೊಡ್ಡದು. ನಾವೇನು ಮಾಡೂದಾಗತದ?"

ಬಾಳವ್ವ ಎದ್ದಳು. ಕಟ್ಟೆಯ ಹತ್ತಿರ ಹೋಗಿ ತನ್ನ ಪಾದ ಎತ್ತಿ ಕಟ್ಟೆಯ ಕಲ್ಲಿನ ಮೇಲೆ ಇಟ್ಟಳು. ಬೆಳ್ಳಗೆ ಬಿರಿದ ಪಾದ, ಬಿರುಕಿನಲ್ಲಿ ಹರಳು ಹರಳು ಉಪ್ಪು.

"ಯುದ್ಧ ಮಾಡ್ರಿ ಅನ್ನೂದಿಲ್ಲ," ಅಂದಳು. "ನಿಮ್ಮ ಸಾರಿಗೆ ಬೀಳೂದು ಇಲ್ಲಿಂದ ಬರತದ. ನನ್ನ ಗಂಡ ಸತ್ತದ್ದು ಇದಕ್ಕ. ಇದನ್ನ ತಿನ್ನಬ್ಯಾಡ್ರಿ. ಅಷ್ಟ ಮಾಡ್ರಿ."

ಹೊಳೆಗೆ ಇಳಿದಿದ್ದ ಆ ಹಣ್ಣು ಮುದುಕಿ ಎದ್ದು ಮನೆಗೆ ಹೋದಳು. ಉಪ್ಪಿನ ಮಡಕೆ ಹೊತ್ತು ತಂದು ಕಟ್ಟೆಯ ಮುಂದೆ ಸುರಿದಳು. ಇನ್ನೊಬ್ಬಳು ತಂದಳು. ಮತ್ತೊಬ್ಬಳು ತಂದಳು. ಸಂಜೆಯ ಹೊತ್ತಿಗೆ ಏಳೂರಿನ ಉಪ್ಪೆಲ್ಲ ಅಲ್ಲಿ ಗುಡ್ಡೆಯಾಯಿತಂತೆ.

ಅಂದಿನಿಂದ ಏಳೂರವರು ಸಪ್ಪೆ ಉಂಡರು. ಸಪ್ಪೆ ಅಂಬಲಿ, ಸಪ್ಪೆ ಸಾರು, ಸಪ್ಪೆ ಪಲ್ಯ. ಮಕ್ಕಳು ಅತ್ತವು. ಅಳಿಯಂದಿರು ಮುನಿಸಿಕೊಂಡು ಹೋದರು. ಉಪ್ಪು ಹೇರಿಕೊಂಡು ಬಂದ ಎತ್ತಿನ ಸಾಲುಗಳು ಕೆಂ‌ಪುಹೊಳೆಯಿಂದ ಹಾಗೇ ತಿರುಗಿದವು. ಸುದ್ದಿ ಪಕ್ಕದ ಸೀಮೆಗೆ ಹೋಯಿತು, ಅವರೂ ಬಿಟ್ಟರು. ಪುಷ್ಯ ಹೋಯಿತು, ಮಾಘ ಹೋಯಿತು, ಯುಗಾದಿ ಬಂದು ಹೋಯಿತು. ರಾಜನ ದಂಡೆಯಲ್ಲಿ ಉಪ್ಪು ಬೆಟ್ಟವಾಗಿ ಬಿತ್ತು, ಕೊಳ್ಳುವವರಿಲ್ಲ. ಆಷಾಢದ ಮೊದಲ ಮಳೆ ಏಳು ಹಗಲು ಏಳು ಇರುಳು ಹೊಯ್ದು, ಆ ಬೆಟ್ಟವನ್ನೆಲ್ಲ ಕರಗಿಸಿ ಮತ್ತೆ ಸಮುದ್ರಕ್ಕೇ ಸೇರಿಸಿತು. ಸಂಬಳ ಸಿಗದ ಕಾವಲಿನವರು ಕತ್ತಿ ಬಿಸಾಡಿ ತಮ್ಮ ತಮ್ಮ ಊರಿಗೆ ಹೋದರು. ಮುಳ್ಳಿನ ಬೇಲಿಯ ಬಾಗಿಲು ತೆರೆದೇ ಇತ್ತು. ಒಳಗಿದ್ದವರು ಎದ್ದು ನಡೆದು ಬಂದರು.

ಶ್ರಾವಣದಲ್ಲಿ ಹೊಳೆ ದಾಟಿ ಬಂದವರು ನೂರಾ ಒಂಬತ್ತು ಜನ. ಎಲ್ಲರಿಗಿಂತ ಹಿಂದೆ, ಕೋಲೂರಿಕೊಂಡು ತಿಪ್ಪಜ್ಜ. ಬಾಳವ್ವ ಓಡಿಹೋಗಿ ಅವನ ಎರಡೂ ಕೈ ಹಿಡಿದಳು.

"ಹತ್ತು ಮಂದಿಗೆ ಹೊಡದರೇನಜ್ಜಾ?"

"ಇಲ್ಲವ್ವಾ. ಸೆರಗು ತೋರಿಸಿದೆ, ನಂಬಿದರು," ಅಂದ. "ಐದನೇ ದಿನ ಮಾತ್ರ ಕೈ ಜಾರಿ, ಮೂರೂ ಕಲ್ಲು ಟಣ್ ಟಣ್ ಟಣ್ ಅಂತ ಬಿದ್ದುವು. ಬಾಗಿಲಿನವನು ಕಿವಿ ಎತ್ತಿದ. ನಾ ಸತ್ತೆ ಅಂದುಕೊಂಡೆ. ಅವ ಗಡಿಗಿ ನೋಡಿದ, ನನ್ನ ನೋಡಿದ, 'ಮುಂದೆ ನಡಿ ಅಜ್ಜ' ಅಂದ." ತಿಪ್ಪಜ್ಜ ತನ್ನ ಅಂಗೈ ನೋಡಿಕೊಂಡ. "ಅವನ ಕಣ್ಣು ಕೆಟ್ಟಿತ್ತೋ, ಮನಸ್ಸು ಕೆಟ್ಟಿರಲಿಲ್ಲೋ, ಇವತ್ತಿಗೂ ನನಗ ತಿಳದಿಲ್ಲ."

ಬಂದವರಿಗೆಲ್ಲ ಏಳೂರವರು ನೆಲ ಕೊಟ್ಟರು, ಕುರಿ ಕೊಟ್ಟರು. ವರ್ಷ ತುಂಬಿತು. ಭರಮಪ್ಪ ಅಂತ ಒಬ್ಬ ಕುರಿಗಾರ ಇದ್ದ. ಹೆಂಡತಿ ತೀರಿಹೋಗಿದ್ದಳು, ತಾಯಿಯೂ ಇಲ್ಲ. ಮಾತು ಕಡಿಮೆ, ಕೆಲಸ ಜಾಸ್ತಿ. ಬಾಳವ್ವನ ಪಾದಕ್ಕೆ ದಿನಾ ಕುರಿಯ ಬೆಣ್ಣೆ ಕಾಯಿಸಿ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದನಂತೆ. ಕೆಂಚವ್ವ ನೋಡಿದಳು. ಒಂದು ದಿನ ತಾನೇ ಹೋಗಿ ಕೇಳಿದಳು. ತಾನೇ ಮುಂದೆ ನಿಂತು, ಹೆಣ್ಣಿನ ಕಡೆಯ ತಾಯಿಯಾಗಿ, ಬಾಳವ್ವನಿಗೆ ಉಡಿಕಿ, ಅಂದರೆ ಎರಡನೆಯ ಮದುವೆ, ಮಾಡಿ ಸೀರೆ ಉಡಿಸಿದಳು.

ಹೊರಡುವ ಹೊತ್ತು ಬಂತು. ಬಾಳವ್ವ ಬಾಗಿಲಲ್ಲಿ ನಿಂತಳು. "ಅತ್ತೀ, ಗಂಟು ಕಟ್ಟು. ನೀನೂ ಬಾ."

"ಎಲ್ಲಿಗೆ? ನಾ ಈಗ ನಿನ್ನ ತಾಯಿ ಆಗಿ ಲಗ್ನ ಮಾಡೀನಿ. ತಾಯಿ ಮಗಳ ಮನ್ಯಾಗ ಹೋಗಿ ಕುಂತರ ಮಂದಿ ಏನಂದಾರು?"

"ಹಂಗಾರ ತಾಯಿ ಆಗಿ ಬರಬ್ಯಾಡ," ಅಂದಳು ಬಾಳವ್ವ. "ಆ ಮನ್ಯಾಗ ಅತ್ತಿ ಇಲ್ಲ. ಅತ್ತಿ ಆಗಿ ಬಾ."

ಕೆಂಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದ್ದಳು. ಆ ಮನೆಯ ಹೊಸ್ತಿಲು ದಾಟಿದವಳೇ ಸುತ್ತ ಒಮ್ಮೆ ನೋಡಿ, "ಒಲೀನ ಯಾವನಪ್ಪ ಬಾಗಿಲಿಗೆ ಎದುರು ಹಾಕಿದಾಂವ?" ಅಂದಳಂತೆ. "ಇರಲಿ ಬಿಡು, ಗಾಳಿ ಬರತದ," ಅಂದಳಂತೆ ಸೊಸೆ. ಭರಮಪ್ಪ ಕೋಲು ತೆಗೆದುಕೊಂಡು ಕುರಿಗಳ ಕಡೆ ಹೊರಟ.

ಅವರ ಒಲೆ ಅಲ್ಲಿ ಹತ್ತಿತು, ನಮ್ಮ ಕಥೆ ಇಲ್ಲಿ ಆರಿತು. ಕೇಳಿದವರ ಕಾಲು ಗಟ್ಟಿಯಾಗಿರಲಿ, ಹೇಳಿದವರ ಬಾಯಿ ತಣ್ಣಗಿರಲಿ.